ಒಡೆಯದ ಗಂಗಾಜಲ

ಲಾಂಚು ಎಷ್ಟು ಹೊತ್ತು ಕೆಟ್ಟು ನಿಂತಿತ್ತೋ, ನನಗೆ ಸರಿಯಾಗಿ ನೆನಪಿಲ್ಲ. ತೊಂಬತ್ತರ ದಶಕದಲ್ಲಿ ಗಂಗಾಸಾಗರದಿಂದ ಮರಳುವಾಗ ಗಂಗೆ ಸಮುದ್ರ ಸೇರುವ ಅಳಿವೆಯ ಉಪ್ಪುನೀರಿನ ನಡುವೆ ಸಿಕ್ಕಿಕೊಂಡಿದ್ದೆವು. ಬಸವನಗುಡಿಯಿಂದ ಹೊರಟಿದ್ದ ನಮ್ಮೆಲ್ಲರ ಚೀಲದಲ್ಲೂ ಕೋಡುಬಳೆ, ಅವಲಕ್ಕಿ ಬೇಕಾದಷ್ಟಿತ್ತು. ನೀರು ಮಾತ್ರ ಮುಗಿದಿತ್ತು. ಜೊತೆಗಿದ್ದ ವಯಸ್ಸಾದ ಟೀಚರೊಬ್ಬರು ವಾಂತಿಯಾಗಿ ಸೋತು ನೀರು ಬೇಡುತ್ತಿದ್ದರು. ದೊಡ್ಡಪ್ಪನ ಬ್ಯಾಗಿನಲ್ಲಿ ನೆಂಟರಿಗೆ ಹಂಚಲು ಕಾಶಿಯಿಂದ ತಂದ, ಬೆಸುಗೆ ಹಾಕಿದ ಗಂಗಾಜಲದ ಗಿಂಡಿಗಳಿದ್ದವು.

“ದೊಡ್ಡಪ್ಪಾ, ಒಂದನ್ನಾದ್ರೂ ಒಡೀರಿ.”

“ಸುಮ್ನಿರೇ. ಅದು ಪ್ರಾಣ ಹೋಗೋವಾಗ ಬಾಯಿಗೆ ಬಿಡೋ ನೀರು. ಬಾಯಾರಿಕೆಗಲ್ಲ.”

ಇನ್ನೊಂದು ಲಾಂಚು ಬಂದದ್ದರಿಂದ ಟೀಚರ್ ಉಳಿದರು. ನಾನೂ ಆ ಬ್ಯಾಗಿಗೆ ಕೈಹಾಕಲಿಲ್ಲ. ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಊರಿಗೆ ಮರಳಿ ಕಾಶಿಯಾತ್ರೆಯ ಸಮಾರಾಧನೆ ಮಾಡಿದ ದಿನ ದೊಡ್ಡಪ್ಪ ನನಗೂ ಒಂದು ಗಿಂಡಿ ಕೊಡಲು ಬಂದರು. ಸಿಟ್ಟಿನಿಂದ ನಾನು ಕೈಚಾಚಲಿಲ್ಲ. “ಅವತ್ತು ಅವರ ಪ್ರಾಣ ಹೋಗ್ತಿದ್ರೆ ಒಡೀತಿದ್ರಾ?” ಎಂದು ಕೇಳಿದೆ. ದೊಡ್ಡಪ್ಪ ಆ ಗಿಂಡಿಯನ್ನು ಪಕ್ಕದಲ್ಲಿದ್ದ ನೆಂಟರ ಕೈಗಿಟ್ಟು ಮುಂದೆ ಹೋದರು.