ದಬ್ಬೇಘಟ್ಟದ ಕಂಪ್ಯೂಟರಿನಿಂದ ತೆಗೆದ ಪ್ಯಾಕೇಜು

ಮಾನ್ಯ ಓದುಗರೇ,

ಲೇಖನ ಬರೆಯುವುದು ನನಗೆ ಇದೇ ಮೊದಲು. ಕೀಬೋರ್ಡಿಗೆ ಒಗ್ಗಿದ ಕೈಯಾದ್ದರಿಂದ ಅಕ್ಷರಗಳು ಸಾಲು ತಪ್ಪಿವೆ, ಒತ್ತಕ್ಷರಗಳಲ್ಲಿ ದೋಷಗಳೂ ಇರಬಹುದು. ದಯಮಾಡಿ ಮನ್ನಿಸಬೇಕಾಗಿ ಪ್ರಾರ್ಥನೆ.

ನಾನು ತಿಪಟೂರಿನ ಖಾಸಗಿ ವಿದ್ಯಾಸಂಸ್ಥೆಯೊಂದರ ಕೇಂದ್ರ ಕಚೇರಿಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೇನೆ. ಸುತ್ತಲಿನ ನಮ್ಮ ಒಂಬತ್ತು ಶಾಲೆಗಳ ಅರವತ್ತನಾಲ್ಕು ಲಿನಕ್ಸ್ ಕಂಪ್ಯೂಟರ್‌ಗಳನ್ನು ನನ್ನ ಮೇಜಿನಿಂದಲೇ ನಿರ್ವಹಿಸಲಾಗುತ್ತದೆ. ಪ್ಯಾಕೇಜ್ ಎಂದರೆ ಒಂದು ತಂತ್ರಾಂಶವನ್ನು ಅದರ ಕಡತಗಳ ಸಮೇತ ಕಟ್ಟಿದ ಗಂಟು. ಅದರ ಹೆಸರನ್ನು ಸರ್ವರ್‌ನ ‘ತೆಗೆಯತಕ್ಕ ಪಟ್ಟಿ’ಗೆ ಸೇರಿಸಿದರೆ ಅಷ್ಟೂ ಕಂಪ್ಯೂಟರ್‌ಗಳಿಂದ ಅದು ಹೋಗುತ್ತದೆ. ಯಾರಾದರೂ ಮತ್ತೆ ಹಾಕಿಕೊಂಡರೂ ಅರ್ಧ ಗಂಟೆಗೊಮ್ಮೆ ನಡೆಯುವ ತಪಾಸಣೆಯಲ್ಲಿ ಪುನಃ ಹೋಗುತ್ತದೆ.

ಆದ್ದರಿಂದ ಪ್ರತಿ ಶಾಲೆಯ ಲಿಖಿತ ಒಪ್ಪಿಗೆ ಇಲ್ಲದೆ ಏನನ್ನೂ ತೆಗೆಯಬಾರದೆಂಬ ನಿಯಮವಿತ್ತು. ಈ ಪತ್ರಗಳನ್ನು ಬಸ್ ಕಂಡಕ್ಟರ್‌ಗಳು ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಕೊಟ್ಟುಹೋಗುವುದು, ಆ ಊರಿನಿಂದ ದಿನವೂ ಬರುವ ನನ್ನ ಹಿರಿಯ ಸಹೋದ್ಯೋಗಿ ರುದ್ರಪ್ಪನವರು ಕಚೇರಿಗೆ ತರುವುದು ವಾಡಿಕೆ. ನನಗೆ ಕೆಲಸ ಕಲಿಸಿದವರು ಅವರೇ. ಅಣ್ಣ ಎಂದೇ ಕರೆಯುತ್ತಿದ್ದೆ.

ಕಳೆದ ವರ್ಷ ಹಳೆಯ ಕಂಪ್ಯೂಟರ್‌ಗಳಲ್ಲಿ ಜಾಗ ಸಾಲದೆ, ಬಳಕೆಯಲ್ಲಿಲ್ಲವೆನಿಸಿದ ಹದಿನಾರು ಪ್ಯಾಕೇಜ್‌ಗಳನ್ನು ತೆಗೆಯಲು ತೀರ್ಮಾನವಾಯಿತು. ಎಂಟು ಶಾಲೆಗಳ ಒಪ್ಪಿಗೆ ಬಂದಿತ್ತು.

“ದಬ್ಬೇಘಟ್ಟದ್ದು ಬಂದಿಲ್ವಲ್ಲ ಅಣ್ಣ?” ಎಂದೆ.

“ಬತ್ತದೆ ಬುಡ್ಲಾ. ನಾನೇ ಕೇಳಿದ್ದೀನಿ, ಒಪ್ಕಂಡವ್ರೆ. ಒಂದ್ ಚೀಟಿಗೋಸ್ಕರ ಅರವತ್ನಾಕು ಮಿಷಿನ್ ಕಾಯ್ಬೇಕಾ? ಒತ್ತು.”

ಹದಿನಾರೂ ಹೆಸರು ಪಟ್ಟಿಗೆ ಸೇರಿಸಿ ಎಂಟರ್ ಒತ್ತಿದೆ.

ನಾಲ್ಕನೆಯ ದಿನ ದಬ್ಬೇಘಟ್ಟ ಶಾಲೆಯ ಕಚೇರಿ ಸಹಾಯಕಿ ಸುಮಿತ್ರಮ್ಮನವರು ಫೋನ್ ಮಾಡಿದರು. ಅವರಿಗೆ ದೃಷ್ಟಿಯಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಕೆಲಸ ಮಾಡುತ್ತಿದ್ದರು. ಆ ಪ್ಯಾಕೇಜು ನಮ್ಮ ಪಟ್ಟಿಯಲ್ಲಿತ್ತು. ಅಂದೇ ಅವರ ನೌಕರಿ ಕಾಯಂಗೊಳಿಸುವ ಪರೀಕ್ಷೆ. ಸಮಿತಿಯ ಎದುರು ಒಂದು ಪತ್ರ ಟೈಪ್ ಮಾಡಬೇಕಿತ್ತು. ನಾಲ್ಕನೆಯ ಸಾಲಿನಲ್ಲಿ ಅರ್ಧ ಗಂಟೆಯ ತಪಾಸಣೆ ಬಂದು ಕಂಪ್ಯೂಟರ್ ಮೂಕವಾಯಿತು.

“ಪರೀಕ್ಷೆಗೆ ಮುಂಚೆ ಮೇಷ್ಟ್ರ ಕೈಲಿ ಎರಡ್ ಸಲ ಹಾಕಿಸ್ದೆ ಕಣ್ರೀ. ಎರಡ್ ಸಲಾನೂ ನೀವೇ ಕಿತ್ಕಂಡ್ರಿ. ತೆಗೀಬೇಡಿ ಅಂತ ಬರ್ದು ಬಸ್ಸಲ್ಲಿ ಕಳ್ಸಿ ವಾರದ ಮೇಲಾಯ್ತಲ್ಲ?”

ತಕ್ಷಣ ಆ ಹೆಸರನ್ನು ಪಟ್ಟಿಯಿಂದ ಕೈಬಿಟ್ಟು, ಕಿಬ್ಬನಹಳ್ಳಿ ಕ್ರಾಸಿಗೆ ಹೋಗಿ ವಿಚಾರಿಸಿದೆ. ಅಂಗಡಿಯವರು ನಕ್ಕರು. “ದಬ್ಬೇಘಟ್ಟದ ಕವರ್ರಾ? ಅವತ್ತೇ ನಿಮ್ ರುದ್ರಪ್ಪೋರು ಇಲ್ಲೇ ಒಡ್ದು ಓದಿ ಜೋಬಿಗಾಕ್ಕಂಡ್ರಲ್ಲ! ಟೀನೂ ಕುಡುದ್ರು.”

ಒಂಬತ್ತೂ ಶಾಲೆಗಳು ಒಪ್ಪಿವೆಯೆಂದು ರುದ್ರಪ್ಪನವರು ಸಂಸ್ಥೆಯ ಕಾರ್ಯದರ್ಶಿಗಳಿಗೆ ಮೊದಲೇ ವರದಿ ಸಲ್ಲಿಸಿಬಿಟ್ಟಿದ್ದರು. ಬೇಡವೆಂಬ ಪತ್ರ ಹೊರಬಂದರೆ ಆ ವರದಿ ಸುಳ್ಳಾಗುತ್ತಿತ್ತು.

ಕಾರ್ಯದರ್ಶಿಗಳು ನಡೆಸಿದ ವಿಚಾರಣೆಯಲ್ಲಿ ರುದ್ರಪ್ಪನವರು ಯಾವ ಪತ್ರವನ್ನೂ ಕಂಡಿಲ್ಲವೆಂದರು. ನನ್ನ ಮುಖ ನೋಡದೆ, “ಒತ್ತಿದ್ದು ಯಾರು ಅಂತ ಲಾಗ್ ಹೇಳ್ತದಲ್ಲ ಸಾರ್?” ಎಂದರು. ಲಾಗ್ ಎಂದರೆ ಸರ್ವರ್ ತಾನೇ ಬರೆದಿಡುವ ದಾಖಲೆ. ಅದರಲ್ಲಿ ನನ್ನ ಹೆಸರಿತ್ತು. ಒತ್ತು ಎಂದವರ ಹೆಸರನ್ನು ಯಾವ ಸರ್ವರ್ ಕೂಡ ಬರೆದಿಡುವುದಿಲ್ಲ.

ತಪ್ಪು ನಾನು ಕಂಪ್ಯೂಟರಿಗೆ ಕೊಟ್ಟ ಆದೇಶದ್ದು, ಸುಮಿತ್ರಮ್ಮನವರಿಗೆ ಮರುಪರೀಕ್ಷೆ ಕೊಡಬೇಕು ಎಂದು ಬರೆದುಕೊಟ್ಟೆ. ಕೊಟ್ಟರು. ಮುಂದಿನ ವಾರ ನಾನೇ ದಬ್ಬೇಘಟ್ಟಕ್ಕೆ ಹೋಗಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಒಂದೂ ತಪ್ಪಿಲ್ಲದೆ ಟೈಪ್ ಮಾಡಿದರು, ನೌಕರಿ ಉಳಿಯಿತು. ಅಣ್ಣನೆಂದು ನಂಬಿದವರು ಹೀಗೆ ಮಾಡಿದರೆಂದು ಸುಮಿತ್ರಮ್ಮನವರಲ್ಲಿ ಹೇಳಿಕೊಂಡೆ.

“ಪತ್ರ ಬಚ್ಚಿಟ್ಟೋರು ಅವ್ರು, ಸರಿ,” ಎಂದರು ಸುಮಿತ್ರಮ್ಮ. “ಒಂದ್ ಫೋನ್ ಮಾಡಿ ‘ಏನಮ್ಮಾ, ತೆಗೀಲಾ?’ ಅಂತ ಕೇಳಕ್ಕೆ ನಿಮಗೇನಾಗಿತ್ತು?”

ರುದ್ರಪ್ಪನವರ ಮೇಜು ಈಗಲೂ ನನ್ನ ಪಕ್ಕದಲ್ಲೇ ಇದೆ; ಅಣ್ಣ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಮೋಸಹೋದವನೆಂಬ ನನ್ನ ದೂರು ದಬ್ಬೇಘಟ್ಟದಲ್ಲಿ ನಡೆಯುವುದಿಲ್ಲ. ಬಳಸುವವರನ್ನು ಕೇಳದೆ ಏನನ್ನೂ ತೆಗೆಯಬಾರದೆಂಬುದೇ ಈ ವೃತ್ತಿ ನನಗೆ ಕಲಿಸಿದ ಪಾಠ.

ಈ ಬರಹದಲ್ಲಿ ಕಂಡ ತಪ್ಪುಗಳನ್ನು ದಯವಿಟ್ಟು ತಿದ್ದಿಕೊಂಡು ಓದಬೇಕಾಗಿ ವಿನಂತಿ. ಇಲ್ಲಿ ಮಾತ್ರ, ನನ್ನನ್ನು ಕೇಳುವ ಅಗತ್ಯವಿಲ್ಲ.