ಮೊಮ್ಮಗಳ ಬಾಯಲ್ಲಿದ್ದ ಎಲೆ

ಹೃದಯದ ಹೊಸ ಔಷಧಿಗೆಂದು ವಿಜ್ಞಾನಿಗಳು ಗಾಜಿನ ಮನೆಯಲ್ಲಿ ಬೆಳೆಸುತ್ತಿದ್ದ ಗಿಡಗಳನ್ನು ನೋಡಿಕೊಳ್ಳುವುದು ಹಸಿರಕ್ಕನ ಕೆಲಸ. ಆ ಹೆಸರು ಅಲ್ಲಿನವರೇ ಇಟ್ಟದ್ದು. ಆ ಗಿಡದ ಎಲೆ ಅಳತೆಯಲ್ಲಿದ್ದರೆ ಮದ್ದು, ಅಳತೆ ಮೀರಿದರೆ ಎದೆಬಡಿತವನ್ನೇ ನಿಲ್ಲಿಸುವ ವಿಷ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಸಂಜೆ ಮನೆಗೆ ಬಂದವಳೇ ಬಟ್ಟೆಯನ್ನೂ ಬದಲಿಸದೆ ಮೊಮ್ಮಗಳನ್ನು ಎತ್ತಿಕೊಂಡಳು. ಮಗು ಅವಳ ಸ್ವೆಟರಿನ ಮಡಿಕೆಯಿಂದ ಏನನ್ನೋ ಕಿತ್ತು ಬಾಯಿಗೆ ಹಾಕಿಕೊಂಡಿತು. ಬೆರಳು ತೂರಿಸಿ ತೆಗೆದರೆ, ಅರ್ಧ ಎಲೆ! ಇನ್ನರ್ಧ ಎಲ್ಲಿ? ಹಸಿರಕ್ಕ ಮಗುವಿನ ಬಾಯನ್ನು ಮತ್ತೆ ತಡಕಿದಳು, ಸಿಗಲಿಲ್ಲ.

“ಏನಮ್ಮಾ ಅದು?” ಮಗಳು ಕೇಳಿದಳು.

“ಈಗೇನೂ ಕೇಳಬೇಡ ಕಣೇ. ಗಾಡಿ ತೆಗಿ, ಆಸ್ಪತ್ರೆಗೆ ನಡಿ!”

ದಾರಿಯುದ್ದಕ್ಕೂ ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದಳು. ಒಂದು ಬಡಿತ ಆದಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಜೀವ ಬಾಯಿಗೆ ಬರುತ್ತಿತ್ತು. ಮಗು ಮಾತ್ರ ಅಜ್ಜಿಯ ಮೂಗು ಹಿಡಿದೆಳೆದು ಕಿಲಕಿಲ ನಗುತ್ತಿತ್ತು.

ಆಸ್ಪತ್ರೆಯಲ್ಲಿ ಪುಟ್ಟ ಎದೆಗೆ ತಂತಿಗಳನ್ನು ಅಂಟಿಸಿ, ಬೆಳಗಾಗುವವರೆಗೂ ಕಾದು ನೋಡಿದರು.

“ಹೆದರಬೇಡಿ ಅಮ್ಮಾ, ಹೊಟ್ಟೆಗೆ ಹೋಗಿರೋದು ಚೂರೇ ಚೂರು. ಬಡಿತ ಸರಿಯಾಗಿದೆ,” ಎಂದರು ಡಾಕ್ಟರು.

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಹಸಿರಕ್ಕನಿಗೆ ಅಳುವೂ ಬರಲಿಲ್ಲ. ಮಗು ಅಜ್ಜಿಯ ಕಡೆ ಎರಡೂ ಕೈ ಚಾಚಿದಾಗ ಅವಳು ಗೋಡೆಗೆ ಅಂಟಿ ನಿಂತು, “ಸ್ನಾನ ಮಾಡೋವರೆಗೂ ನನ್ನ ಕೈಗೆ ಕೊಡಬೇಡ ಕಣೇ,” ಎಂದಳು.