ಅರವತ್ಮೂರನೇ ಮೊಳೆ

ಆ ಕಡಲತೀರದಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಗುಡ್ಡದ ತುದಿಯಲ್ಲಿ ದೀಪಸ್ತಂಭ, ಅಲ್ಲಿಂದ ಬಂಡೆಗಳ ಅಂಚಿನಲ್ಲೇ ಇಳಿಯುವ ಕಾಲುದಾರಿ, ಅಲೆ ನುಗ್ಗಿದಾಗಲೆಲ್ಲ ಗುಡುಗುವ ಗುಹೆ, ಮತ್ತೆ ಇವೆಲ್ಲಕ್ಕೂ ಕಳಶವಿಟ್ಟಂತೆ ನೀರಿನ ನಡುವೆ ಹಳೆಯ ಕೋಟೆ. ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ‘ಆಹಾ’ ಎನ್ನುತ್ತಾರೆ. ಕೋಟೆಯ ಹಾದಿ ಕಾಯುವ ಬಿಲ್ಲೆಯಕ್ಕನಿಗೆ ಆ ‘ಆಹಾ’ ಕೇಳಿದರೆ ಮೈಯುರಿ. ಹನ್ನೊಂದು ವರ್ಷದಿಂದ ಅವಳು ದಿನವೂ ಸಮುದ್ರ ನೋಡುತ್ತಾಳೆ, ಆದರೆ ಅದು ಎಷ್ಟು ಮೇಲೆ ಬಂದಿದೆ ಎಂದು ತಿಳಿಯುವುದಕ್ಕೆ ಮಾತ್ರ.

ಕೋಟೆಗೆ ಹೋಗಲು ಇರುವುದು ಒಂದೇ ಕಲ್ಲುಹಾದಿ, ಮುನ್ನೂರ ನಲವತ್ತು ಹೆಜ್ಜೆ. ಇಳಿತದ ಹೊತ್ತಿನಲ್ಲಿ ಅದು ಒಣಗಿದ ಅಂಗಳದಂತೆ ಬಿದ್ದಿರುತ್ತದೆ. ಉಬ್ಬರ ಬಂತೋ, ದಿನಕ್ಕೆ ಎರಡು ಸಲ, ಅಲ್ಲೊಂದು ಹಾದಿ ಇತ್ತೆಂದು ಹೇಳಿದರೂ ಯಾರೂ ನಂಬುವುದಿಲ್ಲ. ದಡದಲ್ಲಿ ಒಂದು ಗುರುತುಕಲ್ಲು ನೆಟ್ಟಿದ್ದಾರೆ, ಅದರ ಮೇಲೆ ಮೂರು ಬಿಳಿ ಪಟ್ಟಿ. ನೀರು ಮೊದಲ ಪಟ್ಟಿ ಮುಟ್ಟಿದರೆ ಹಾದಿಯ ಮೇಲೆ ಪಾದ ಮುಳುಗುವಷ್ಟು, ಎರಡನೆಯದಕ್ಕೆ ಬಂದರೆ ಮಂಡಿ ಮುಳುಗುವಷ್ಟು. ಮೂರನೆಯದು ಮುಳುಗಿದ ಮೇಲೆ ಯಾರೂ ಕಾಲಿಡಕೂಡದು.

ಅದಕ್ಕೇ ಬಿಲ್ಲೆಗಳು. ಒಳಗೆ ಹೋಗುವ ಪ್ರತಿಯೊಬ್ಬರಿಗೂ ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಮರಳಿ ಬಂದವರು ಅದನ್ನು ಅವಳ ಕೈಗೆ ಕೊಡಬೇಕು, ಅವಳು ಅದನ್ನು ಹಲಗೆಯ ಮೇಲೆ ಅದೇ ನಂಬರಿನ ಮೊಳೆಗೆ ತೂಗುಹಾಕಬೇಕು. ಹಲಗೆ ತುಂಬಿದರೆ ಕೋಟೆ ಖಾಲಿ. ಹಲಗೆಯ ಮೇಲೆ ನೂರ ಇಪ್ಪತ್ತು ಮೊಳೆಗಳಿವೆ, ಬಿಲ್ಲೆಗಳು ಮಾತ್ರ ನೂರ ಹತ್ತೊಂಬತ್ತು. ಅರವತ್ಮೂರನೇ ಮೊಳೆ ಅವಳ ಅಪ್ಪನ ಕಾಲದಿಂದಲೂ ಬೋಳು.

ಅಪ್ಪ ಮೂವತ್ತೆರಡು ವರ್ಷ ಇದೇ ಸ್ಟೂಲಿನ ಮೇಲೆ ಕೂತಿದ್ದವರು. ಅವರು ಕೆಲಸ ಬಿಟ್ಟ ಮೇಲೆ ಇವಳಿಗೆ ಬಂತು. ಕೆಲಸದ ಜೊತೆ ಅಪ್ಪನ ದಿಗಿಲೂ ಬಂತು ಎಂದು ಅವಳ ಗಂಡ ರೇಗಿಸುತ್ತಾನೆ. ಬಸ್ಸು ಹತ್ತಿದರೆ ಇಬ್ಬರು ಹೆಣ್ಣುಮಕ್ಕಳನ್ನು ಮೂರು ಸಲ ಎಣಿಸುತ್ತಾಳೆ, ಇಬ್ಬರೇ ಇದ್ದರೂ. ಮದುವೆಮನೆಗೆ ಹೋದರೆ ಬಂದ ನೆಂಟರನ್ನೆಲ್ಲ ಬಾಗಿಲಲ್ಲೇ ಲೆಕ್ಕ ಹಿಡಿದು, ಹೊರಡುವ ಹೊತ್ತಿಗೆ ‘ಇನ್ನೂ ನಾಲ್ಕು ಜನ ಬಾಕಿ’ ಎನ್ನುತ್ತಾಳಂತೆ. ಕೆಲಸದಲ್ಲಂತೂ ಅವಳ ಹತ್ತಿರ ಯಾರ ಆಟವೂ ನಡೆಯುವುದಿಲ್ಲ. ಒಮ್ಮೆ ಇಲಾಖೆಯ ದೊಡ್ಡ ಸಾಹೇಬರೇ ಬಂದು, ‘ನಮಗೂ ಬಿಲ್ಲೆನಾ?’ ಎಂದು ನಕ್ಕಿದ್ದರು. ‘ಉಬ್ಬರಕ್ಕೆ ನೀವು ಸಾಹೇಬ್ರು ಅಂತ ಗೊತ್ತಾಗಲ್ಲ ಸಾರ್’ ಎಂದು ಕೈಗೆ ಇಟ್ಟೇಬಿಟ್ಟಿದ್ದಳು. ಆ ಮಾತು ಊರೆಲ್ಲ ಓಡಾಡಿ ಅವಳಿಗೆ ಬಿಲ್ಲೆಯಕ್ಕ ಎಂಬ ಹೆಸರು ಗಟ್ಟಿಯಾಯಿತು.

ಇಂಥವಳು ಒಬ್ಬರಿಗೆ ಮಾತ್ರ ಬಿಲ್ಲೆ ಕೊಡುತ್ತಿರಲಿಲ್ಲ, ಅಪ್ಪನಿಗೆ.

ಕೆಲಸ ಬಿಟ್ಟ ಹೊಸದರಲ್ಲಿ ಅಪ್ಪ ಕೋಟೆ ನೋಡಿಬರುತ್ತೇನೆಂದು ಬಂದಾಗ ಅವಳು ಎಲ್ಲರಿಗೂ ಕೊಟ್ಟಂತೆ ಒಂದು ಬಿಲ್ಲೆ ಚಾಚಿದ್ದಳು. ಅಪ್ಪನ ಮುಖ ಕೆಂಪಾಯಿತು. ‘ನನ್ನ ಕೈಗೇ ಬಿಲ್ಲೆ ಕೊಡ್ತೀಯಾ? ನಾನೇನು ಫೋಟೋ ತೆಗೆಯೋಕೆ ಬಂದವನಾ?’ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಅವಳು ಬಿಲ್ಲೆಯನ್ನು ಮತ್ತೆ ಮೊಳೆಗೆ ಹಾಕಿದಳು. ಅಲ್ಲಿಂದ ಅಪ್ಪ ವಾರಕ್ಕೊಂದು ಸಲ ಬರುವುದು, ದಡದಲ್ಲಿ ಚಪ್ಪಲಿ ಕಳಚಿ ಬರಿಗಾಲಲ್ಲಿ ಹೋಗುವುದು, ಜನರನ್ನು ಹೊರಡಿಸುವ ಗಂಟೆ ಹೊಡೆಯುವ ಮುಂಚೆಯೇ ಮರಳಿ ಬರುವುದು ರೂಢಿಯಾಯಿತು. ಈಚೆಗೆ ಅವರಿಗೆ ಮರೆವು. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಹುಡುಕುತ್ತಾರೆ. ಹೋದ ತಿಂಗಳು ಅವಳನ್ನು ಸೋದರತ್ತೆಯ ಹೆಸರು ಹಿಡಿದು ಕರೆದು, ಆಮೇಲೆ ತಾವೇ ನಾಚಿಕೊಂಡಿದ್ದರು. ಇನ್ನು ಮುಂದೆ ಒಬ್ಬರನ್ನೇ ಬಿಡಬಾರದು ಎಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದಳು, ಪ್ರತಿ ವಾರ ಅವರ ಮುಖ ನೋಡಿ ನಾಲಿಗೆ ಏಳುತ್ತಿರಲಿಲ್ಲ.

ಆ ದಿನ ಅಪ್ಪ ಹೋದದ್ದು ಮೂರು ಗಂಟೆಗೆ. ಹುಣ್ಣಿಮೆ ಹತ್ತಿರವಿತ್ತು, ನೀರು ಎಂದಿಗಿಂತ ಜೋರು. ಸಾಲದ್ದಕ್ಕೆ ರಜಾದಿನದ ಜನಜಂಗುಳಿ ಬೇರೆ. ಒಬ್ಬಳು ಕೋಟೆಯ ಬಾವಿ ನೀರು ಸಿಹಿಯಾ ಉಪ್ಪಾ ಎಂದು ಕೇಳಿದಳು, ಇನ್ನೊಬ್ಬ ಗುಹೆಗೆ ದಾರಿ ಕೇಳಿ, ಹೇಳುವಷ್ಟರಲ್ಲಿ ದೀಪಸ್ತಂಭದ ಕಡೆ ಹೊರಟೇಹೋದ. ಅವಳು ಎಲ್ಲರಿಗೂ ಉತ್ತರ ಕೊಡುತ್ತಿದ್ದಳು, ಕಣ್ಣು ಮಾತ್ರ ಹಾದಿಯ ಮೇಲೇ ಇತ್ತು.

ಮೂರೂವರೆ ಆಯಿತು. ಅಪ್ಪ ಬರಲಿಲ್ಲ. ನಾಲ್ಕಕ್ಕೆ ಅವಳೇ ಗಂಟೆ ಹೊಡೆದಳು, ಎಂದಿಗಿಂತ ಹೆಚ್ಚು ಹೊತ್ತು. ಜನ ಬರತೊಡಗಿದರು. ಒಂದೊಂದು ಬಿಲ್ಲೆ ತೆಗೆದುಕೊಂಡಾಗಲೂ ಕೊಟ್ಟವರ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಬಿಳಿ ಅಂಗಿಯ ಮುದುಕರೊಬ್ಬರು ನಿಧಾನವಾಗಿ ಬರುವುದು ಕಂಡು ಒಮ್ಮೆ ಎದೆ ಹಗುರಾಯಿತು. ಹತ್ತಿರ ಬಂದಾಗ ಬೇರೆ ಯಾರೋ. ಅವರು ‘ಬಹಳ ಚೆನ್ನಾಗಿದೆಯಮ್ಮ’ ಎಂದರು. ಅವಳಿಗೆ ಅವರನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು.

ಅಷ್ಟರಲ್ಲಿ ದೀಪಸ್ತಂಭಕ್ಕೆ ಬೀಗ ಹಾಕಿಕೊಂಡು ಬೀಗದಣ್ಣ ಗುಡ್ಡ ಇಳಿದು ಬಂದ. ಅಪ್ಪನ ಕೈಕೆಳಗೆ ಕೆಲಸ ಕಲಿತವನು, ನಿವೃತ್ತಿಗೆ ಇನ್ನೆರಡು ವರ್ಷ. ಮಧ್ಯಾಹ್ನವೆಲ್ಲ ಮೇಲಿದ್ದುದರಿಂದ ಅಪ್ಪ ಹೋದದ್ದು ಅವನಿಗೆ ಗೊತ್ತಿಲ್ಲ. ನಾಲ್ಕು ನಲವತ್ತಕ್ಕೆ ಕೊನೆಯ ಬಿಲ್ಲೆ ಬಂತು. ಅವನು ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, ‘ತುಂಬ್ತು. ಹಾದಿಗೆ ಸರಪಳಿ ಹಾಕ್ಲಾ?’ ಎಂದ.

ಅವಳು ಮತ್ತೆ ಹಾದಿಯ ಕಡೆ ನೋಡಿದಳು.

ಏನೆಂದು ಹೇಳುವುದು? ಸಾಹೇಬರನ್ನೂ ಬಿಡದವಳು ಮನೆಯವರನ್ನು ಹಾಗೇ ಬಿಟ್ಟಳು ಎಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ಇಲಾಖೆಗೆ ತಿಳಿದರೆ ಕೆಲಸಕ್ಕೇ ಕುತ್ತು. ಈಗ ಬರುತ್ತಾರೆ, ಇನ್ನೇನು ಬಂದರು, ಕೋಟೆಯ ಬಾಗಿಲ ಹಿಂದೆಯೇ ಇರಬೇಕು. ‘ಸ್ವಲ್ಪ ಇರಣ್ಣ, ಇನ್ನೊಂದು ಸಲ ಎಣಿಸ್ತೀನಿ’ ಎಂದಳು. ಒಂದರಿಂದ ನೂರ ಇಪ್ಪತ್ತರವರೆಗೆ ಬೆರಳಿಟ್ಟು ಎಣಿಸಿದಳು. ಮುಗಿದ ಮೇಲೆ ಮತ್ತೆ ಮೊದಲಿಂದ ಶುರುಮಾಡಿದಳು. ಬೀಗದಣ್ಣ ಸರಪಳಿ ಕೈಯಲ್ಲಿ ಹಿಡಿದು ಆಕಳಿಸಿದ. ಅವನ ಕಾಲ ಬಳಿ, ಬೆಂಚಿನ ಕೆಳಗೆ, ಅಪ್ಪನ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು. ಎಡಗಾಲಿನದಕ್ಕೆ ಅವಳೇ ಹೋದ ವಾರ ಹೊಸ ಬಾರು ಹಾಕಿಸಿದ್ದಳು.

ಗುರುತುಕಲ್ಲಿನ ಮೊದಲ ಪಟ್ಟಿಗೆ ನೀರು ಮುಟ್ಟಿತು.

‘ಅಣ್ಣ, ಅಪ್ಪ ಒಳಗಿದ್ದಾರೆ’ ಎಂದಳು. ‘ಬಿಲ್ಲೆ ಕೊಟ್ಟಿಲ್ಲ. ತಪ್ಪು ನಂದೇ.’

ಬೀಗದಣ್ಣನ ಆಕಳಿಕೆ ಅರ್ಧಕ್ಕೇ ನಿಂತಿತು. ‘ಇಷ್ಟೊತ್ತು ಏನ್ ಮಾಡ್ತಿದ್ದೆ ಮಾರಾಯ್ತಿ?’ ಎಂದು ಕೂಗಿದ. ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು. ‘ನಾನು ಹೋಗ್ತೀನಿ, ನೀನಿರು.’

‘ನಿನ್ನ ಮಂಡಿನೋವು ಇಟ್ಕೊಂಡು ಎಲ್ಲಿಗ್ ಹೋಗ್ತೀಯ? ನೀನು ಗಂಟೆ ಹೊಡೀತಾ ಇರು, ದೋಣಿಯವರಿಗೆ ಫೋನ್ ಮಾಡು’ ಎಂದವಳು ಹಲಗೆಯಿಂದ ಎರಡು ಬಿಲ್ಲೆ ಕಿತ್ತುಕೊಂಡಳು, ಹದಿನೇಳು ಮತ್ತು ಹದಿನೆಂಟು.

‘ಅಯ್ಯೋ, ಈಗಲೂ ಬಿಲ್ಲೆನಾ?’

‘ಇಬ್ಬರು ಒಳಗಿದ್ರೆ ಹಲಗೆ ಇಬ್ಬರು ಅಂತಾನೇ ಹೇಳ್ಬೇಕು’ ಎಂದು ಸೀರೆ ಎತ್ತಿಕಟ್ಟಿ ಓಡಿದಳು.

ಹಾದಿಯ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ಪಾಚಿಗೆ ಎರಡು ಸಲ ಜಾರಿದಳು. ಬಾಯಲ್ಲಿ ಹೆಜ್ಜೆ ಎಣಿಸುತ್ತಿದ್ದಳು, ನಿಲ್ಲಿಸಿದರೆ ಅಳು ಬರುತ್ತದೆಂದು ಗೊತ್ತಿತ್ತು. ಕೋಟೆಯ ಬಾಗಿಲಲ್ಲಿ ‘ಅಪ್ಪಾ!’ ಎಂದು ಕೂಗಿದರೆ ಗೋಡೆಗಳೇ ಉತ್ತರ ಕೊಟ್ಟವು. ಬಾವಿಯೊಳಗೆ ಬಗ್ಗಿ ನೋಡಿದಳು. ನೀರು ಅಲ್ಲಾಡದೆ ಅವಳ ಮುಖವನ್ನೇ ತೋರಿಸಿತು. ಫಿರಂಗಿ ಇಡುತ್ತಿದ್ದ ಕಿಂಡಿಗಳ ಬಳಿ ಇಲ್ಲ, ಮೇಲಿನ ಬುರುಜಿನಲ್ಲೂ ಇಲ್ಲ.

ಕೊನೆಗೆ ಧಾನ್ಯ ತುಂಬಿಡುತ್ತಿದ್ದ ಕತ್ತಲೆ ಕೋಣೆಯಿಂದ ಧ್ವನಿ ಕೇಳಿತು. ಅಪ್ಪ ಮೂಲೆ ಮೂಲೆಗೆ ಹೋಗಿ, ಹಿಂದೆ ಜನರನ್ನು ಹೊರಡಿಸುತ್ತಿದ್ದ ಅದೇ ಗತ್ತಿನಲ್ಲಿ, ‘ಗಂಟೆ ಆಯ್ತು, ಹೊರಡಿ, ಗಂಟೆ ಆಯ್ತು’ ಎನ್ನುತ್ತಿದ್ದರು. ಕೋಣೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

‘ಅಪ್ಪ, ಬಾರಪ್ಪ, ನೀರು ಬಂತು!’

‘ಒಬ್ಬ ಬಾಕಿ ಇದ್ದಾನೆ’ ಎಂದರು ಅಪ್ಪ, ಅವಳ ಕಡೆ ತಿರುಗದೆ. ‘ಅರವತ್ಮೂರು. ಅವನು ಬರದೆ ನಾನು ಹೇಗೆ ಬರ್ಲಿ?’

ಅರವತ್ಮೂರರ ಕತೆ ಅವಳಿಗೆ ಗೊತ್ತಿತ್ತು. ಅವಳು ತೊಟ್ಟಿಲಲ್ಲಿದ್ದಾಗ, ಒಂದು ಸಂಜೆ ಆ ಬಿಲ್ಲೆ ಮರಳಿ ಬರಲಿಲ್ಲ. ಯಾರಾದರೂ ಕಾಣೆಯಾದರೆಂಬ ದೂರು ಬರಲಿಲ್ಲ, ಹೆಣವೂ ಸಿಗಲಿಲ್ಲ. ಯಾರೋ ನೆನಪಿಗೆಂದು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿರಬೇಕು ಎಂದು ಇಲಾಖೆ ಕಡತ ಮುಚ್ಚಿತು. ಅಪ್ಪ ಅಂದು ಇಡೀ ಕೋಟೆ ಜಾಲಾಡಿದ್ದರು ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಹೊಸ ಬಿಲ್ಲೆ ಮಾಡಿಸಲು ಮಾತ್ರ ಅಪ್ಪ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ.

ದಡದಿಂದ ಗಂಟೆ ಒಂದೇ ಸಮನೆ ಕೇಳುತ್ತಿತ್ತು. ಅವಳು ಅಪ್ಪನ ರಟ್ಟೆ ಹಿಡಿದು ಎಳೆದಳು. ಮುದುಕರು ಗೋಡೆಗೆ ಕೈ ಊರಿ ಅಲ್ಲಾಡಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಲೆಕ್ಕದ ವಿಷಯದಲ್ಲಿ ಒಂದು ಸುಳ್ಳೂ ಆಡಿದವಳಲ್ಲ.

‘ಅವನು ಬಂದ ಅಪ್ಪ. ಆಗ್ಲೇ ಬಂದ. ಬಿಲ್ಲೆ ಮೊಳೆಗೆ ಹಾಕಿಯೇ ನಾನು ಬಂದದ್ದು.’

ಅಪ್ಪ ಅವಳನ್ನು ದಿಟ್ಟಿಸಿ ನೋಡಿದರು. ‘ಬಂದ್ನಾ?’

‘ಬಂದ.’

ಅವರ ಕೈ ಗೋಡೆ ಬಿಟ್ಟಿತು. ಅವಳು ಹದಿನೆಂಟನೇ ಬಿಲ್ಲೆಯನ್ನು ಆ ಕೈಯೊಳಗಿಟ್ಟು ಬೆರಳು ಮಡಚಿದಳು. ಈ ಸಲ ಅವರು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

ಮರಳುವಾಗ ನೀರು ಮಂಡಿಗೆ, ನಡುದಾರಿಗೆ ಬರುವಷ್ಟರಲ್ಲಿ ತೊಡೆಗೆ. ಅಲೆ ಪಕ್ಕದಿಂದ ನೂಕುತ್ತಿತ್ತು. ಹಾದಿ ಕಾಣುತ್ತಿರಲಿಲ್ಲ, ಅವಳಿಗೆ ಆಸರೆ ಅಪ್ಪನ ಬರಿಗಾಲುಗಳೇ. ‘ಇಲ್ಲಿ ಕಲ್ಲು ಬಲಕ್ಕೆ ತಿರುಗತ್ತೆ, ನನ್ನ ಹಿಂದೆ ಬಾ’ ಎಂದು ಅವರೇ ಮುಂದೆ ನಡೆದರು. ಮಗಳ ಹೆಸರು ಮರೆತ ತಲೆಗೆ ಆ ಕಲ್ಲುಗಳಲ್ಲಿ ಒಂದೂ ಮರೆತಿರಲಿಲ್ಲ. ಅವಳಿಗೆ ನೀರಿನ ಹೆದರಿಕೆಯ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ದಡ ಮುಟ್ಟಿದ ಕೂಡಲೇ ಅಪ್ಪ ಹಲಗೆ ನೋಡುತ್ತಾರೆ. ಬೋಳು ಮೊಳೆ ಕಾಣುತ್ತದೆ. ಮತ್ತೆ ನೀರಿಗೆ ಇಳಿದುಬಿಟ್ಟರೆ?

ದೋಣಿ ಇನ್ನೂ ಬಂದಿರಲಿಲ್ಲ. ಬೀಗದಣ್ಣ ಸೊಂಟದವರೆಗೆ ಇಳಿದು ಬಂದು ಇಬ್ಬರನ್ನೂ ಎಳೆದುಕೊಂಡ. ಗುರುತುಕಲ್ಲಿನ ಮೂರನೇ ಪಟ್ಟಿಯ ಅಂಚಿಗೆ ನೀರು ತಾಗುತ್ತಿತ್ತು. ಅವಳು ಅಪ್ಪನ ಅಂಗಿಯ ತುದಿಯನ್ನು ಬಿಡದೆ ಹಿಡಿದುಕೊಂಡಿದ್ದಳು. ಅಪ್ಪ ನೆಟ್ಟಗೆ ಹಲಗೆಯ ಮುಂದೆ ಹೋಗಿ ನಿಂತರು.

‘ಸುಳ್ಳು ಹೇಳ್ದೆ’ ಎಂದರು.

‘ಹೌದಪ್ಪ. ಇಲ್ದಿದ್ರೆ ನೀನು ಬರ್ತಿರ್ಲಿಲ್ಲ.’

ಅಪ್ಪ ಅರವತ್ಮೂರನೇ ಮೊಳೆಯ ಮೇಲೆ ಬೆರಳಿಟ್ಟರು. ಬಟ್ಟೆಯಿಂದ ನೀರು ಸುರಿದು ಕಾಲಡಿಯ ಕಲ್ಲು ಒದ್ದೆಯಾಯಿತು. ‘ಅವತ್ತು ನಾನೂ ಸುಳ್ಳು ಹೇಳಿದ್ದೆ’ ಎಂದರು. ‘ಕೋಟೆಯೆಲ್ಲ ಹುಡುಕಿದೆ ಅಂದೆ. ನಾನು ಹೋಗಲೇ ಇಲ್ಲ. ನೀರು ಎರಡನೇ ಪಟ್ಟಿಗೆ ಬಂದಿತ್ತು. ಮನೇಲಿ ನೀನು ಚಿಕ್ಕವಳು. ಇಲ್ಲೇ ನಿಂತು ಹಲಗೆ ಎಣಿಸ್ತಾ ಇದ್ದೆ, ಒಂದರಿಂದ ನೂರ ಇಪ್ಪತ್ತು, ಮತ್ತೆ ಒಂದರಿಂದ.’

ಬೀಗದಣ್ಣ ತಲೆ ಬೇರೆ ಕಡೆ ತಿರುಗಿಸಿದ.

‘ನಾನೂ ಎಣಿಸ್ತಾ ನಿಂತಿದ್ದೆ ಅಪ್ಪ’ ಎಂದಳು. ‘ಹತ್ತು ನಿಮಿಷ. ನಾಚಿಕೆಗೆ.’

ಅಪ್ಪ ಅವಳ ಒದ್ದೆ ತಲೆಯ ಮೇಲೆ ಕೈ ಇಟ್ಟರು. ‘ನೀನು ಬಂದ್ಯಲ್ಲ’ ಎಂದರು.

ಅವಳು ತನ್ನ ಬಿಲ್ಲೆಯನ್ನು ಹದಿನೇಳರ ಮೊಳೆಗೆ ಹಾಕಿದಳು. ಅಪ್ಪ ಮುಷ್ಟಿ ಬಿಚ್ಚಿ ತಮ್ಮದನ್ನು ನೋಡಿದರು. ಬೆರಳಿನಿಂದ ಅದರ ನಂಬರನ್ನು ಸವರಿದರು, ಆಮೇಲೆ ಕೈ ಎತ್ತಿ ಅರವತ್ಮೂರನೇ ಮೊಳೆಗೆ ತೂಗುಹಾಕಿದರು. ಸರಿಮಾಡಲೆಂದು ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧದಲ್ಲಿ ತಡೆದು ಹಿಂದಕ್ಕೆಳೆದುಕೊಂಡಳು.

‘ಎಲ್ಲ ಬಂದ್ರಾ?’ ಎಂದು ಅಪ್ಪ ಕೇಳಿದರು. ಮೂವತ್ತೆರಡು ವರ್ಷ ಪ್ರತಿ ಸಂಜೆ ಸರಪಳಿ ಹಾಕುವ ಮುಂಚೆ ಅವರು ಕೇಳುತ್ತಿದ್ದ ಮಾತು ಅದು.

ಅವಳು ಹಲಗೆಯನ್ನು ಇನ್ನೊಂದು ಸಲ ನೋಡಿದಳು. ಹದಿನೆಂಟರ ಮೊಳೆ ಖಾಲಿ ಇತ್ತು.

‘ಎಲ್ಲ ಬಂದ್ರಪ್ಪ’ ಎಂದು ಬೆಂಚಿನ ಕೆಳಗಿನಿಂದ ಚಪ್ಪಲಿ ತೆಗೆದು ಅವರ ಕಾಲ ಬಳಿ ಇಟ್ಟಳು. ಬೀಗದಣ್ಣ ಸರಪಳಿ ಹಾಕಿದ.